ಯಾವ ಶ್ರುತಿಯಲ್ಲಿ ತಂತಿ ಬಿಗಿಯಬೇಕು?

ವೀಣೆಯನ್ನೋ ಪಿಟೀಲನ್ನೋ ಕಲಿಯಲು ತೊಡಗುವ ಮಗುವಿಗೆ ತಂತಿಗಳನ್ನು ಯಾವ ಸ್ವರಕ್ಕೆ ಬಿಗಿಯಬೇಕೆಂಬ ಚಿಂತೆ ಇರುವುದಿಲ್ಲ. ಷಡ್ಜ, ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮ ಎಂದು ಹಿರಿಯರು ಅದನ್ನು ಎಂದೋ ನಿರ್ಣಯಿಸಿಬಿಟ್ಟಿದ್ದಾರೆ. ಗುರುಗಳು ಹಾಗೆಯೇ ಶ್ರುತಿಗೂಡಿಸಿಕೊಡುತ್ತಾರೆ, ಶಿಷ್ಯರು ಸರಳೆ ವರಸೆ ಆರಂಭಿಸುತ್ತಾರೆ. ಅಮೆರಿಕದಲ್ಲಿ ಬೆಳೆದ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯದ ಸ್ಥಿತಿ ಹೀಗಿಲ್ಲ. ಅದನ್ನು ಮಾಡಿಸಿಕೊಳ್ಳಲು ಹೋದವನನ್ನು ತಯಾರಕನು ಮೊದಲು ಕೇಳುವ ಪ್ರಶ್ನೆಯೇ ‘ಯಾವ ಶ್ರುತಿ?’ ಎಂಬುದು. ಆ ಉತ್ತರದ ಮೇಲೆ ಅವನ ಮುಂದಿನ ಅಭ್ಯಾಸ, ಅವನ ಸಂಗೀತದ ಬಗೆ, ಅವನಿಗೆ ದೊರೆಯಬಹುದಾದ ಗುರುಗಳು, ಇವೆಲ್ಲ ಬಹುಮಟ್ಟಿಗೆ ನಿಂತಿರುತ್ತವೆ.

ಇದರ ಕಾರಣ ವಾದ್ಯದ ರಚನೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗನು ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವ ಕ್ರಮವನ್ನು ಕಂಡುಕೊಂಡನೆಂದು ಹೇಳುತ್ತಾರೆ. ವಾದ್ಯವನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸುವುದು, ತಂತಿಗಳನ್ನು ಮೆಟ್ಟಿಲುಗಳಿಗೆ ತಾಗದಂತೆ ಎತ್ತರಿಸುವುದು, ಎಡಗೈಯ ಉಕ್ಕಿನ ದಂಡವನ್ನು ಜಾರಿಸುತ್ತ ಬಲಗೈಯಿಂದ ಮೀಟುವುದು, ಇಷ್ಟೇ ಅದರ ವಿಧಾನ. ಗೋಟುವಾದ್ಯವನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ಸಾಮಾನ್ಯ ಗಿಟಾರಿನಲ್ಲಿ ಒಂದೊಂದು ಬೆರಳೂ ಒಂದೊಂದು ತಂತಿಯನ್ನು ಬೇರೆ ಬೇರೆ ಮೆಟ್ಟಿಲಿನಲ್ಲಿ ಒತ್ತಬಲ್ಲದು. ಆದ್ದರಿಂದ ಪಾಶ್ಚಾತ್ಯರು ‘ಕಾರ್ಡ್’ ಎಂದು ಕರೆಯುವ ಸ್ವರಗುಚ್ಛಗಳನ್ನು ಬೇಕಾದಂತೆ ಕಟ್ಟಿಕೊಳ್ಳಬಹುದು. ಉಕ್ಕಿನ ದಂಡವಾದರೋ ನೇರವಾದುದು. ಅದು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ತಡೆಯುತ್ತದೆ. ಓರೆಯಾಗಿ ಹಿಡಿದರೆ ಕೆಲವು ಹೊಸ ಜೋಡಣೆಗಳು ದೊರೆಯುವುದುಂಟು, ಆದರೆ ಅವು ಬೆರಳೆಣಿಕೆಯಷ್ಟು. ಬರಿಯ ತಂತಿಗಳ ನಡುವೆ ಎಂತಹ ಸ್ವರಾಂತರವಿದೆಯೋ ಅದೇ ಅಂತರವು ದಂಡ ಎಲ್ಲಿಗೆ ಜಾರಿದರೂ ಮುಂದುವರಿಯುತ್ತದೆ. ಹೀಗಾಗಿ ಶ್ರುತಿಯಲ್ಲಿ ಇಲ್ಲದ ಸ್ವರಗುಚ್ಛ ಕೈಗೆ ಸಿಗುವುದೇ ಇಲ್ಲ. ಈ ಕೊರತೆಯನ್ನು ತುಂಬಲು ವಾದಕರು ಒಂದೇ ವಾದ್ಯಕ್ಕೆ ಎರಡು, ಮೂರು, ನಾಲ್ಕು ಕೊರಳುಗಳನ್ನು ಜೋಡಿಸಿ, ಪ್ರತಿಯೊಂದಕ್ಕೂ ಬೇರೆ ಶ್ರುತಿ ಇಟ್ಟುಕೊಂಡರು. ಮುಂದೆ ತಂತಿಯ ಬಿಗಿತವನ್ನು ಕಾಲಿನಿಂದಲೇ ಬದಲಿಸುವ ಪೆಡಲ್‌ಗಳೂ ಮೊಣಕಾಲಿನಿಂದ ಒತ್ತುವ ಸನ್ನೆಗಳೂ ಬಂದವು. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬ ವಾದಕನು ತಂತಿ ನಾದಗೊಡುತ್ತಿರುವಾಗಲೇ ಪೆಡಲ್ ಒತ್ತಿ, ಸ್ವರವು ಕೇಳುವವರ ಕಿವಿಯಲ್ಲೇ ಮೇಲೇರುವಂತೆ ಮಾಡಿದನು. ಆ ಹಾಡು ಜನಪ್ರಿಯವಾದ ಮೇಲೆ ಇತರ ವಾದಕರೂ ಪೆಡಲ್‌ಗಳ ಬೆನ್ನುಹತ್ತಿದರು.

ಇಂದು ನ್ಯಾಶ್‌ವಿಲ್ ನಗರದ ಕಂಟ್ರಿ ಸಂಗೀತದಲ್ಲಿ ಸರ್ವಮಾನ್ಯವಾಗಿರುವುದು ‘ಇ-9’ ಎಂಬ ಹತ್ತು ತಂತಿಗಳ ಶ್ರುತಿ. ಅದನ್ನು ಭಾರತೀಯ ಸ್ವರಗಳಲ್ಲಿ ಬರೆದುಕೊಂಡರೆ ಒಳಗಿನ ಯುಕ್ತಿ ತಿಳಿಯುತ್ತದೆ. ‘ಇ’ಯನ್ನು ಷಡ್ಜವೆಂದು ಭಾವಿಸಿದರೆ ಮೊದಲ ತಂತಿಯಿಂದ ಕ್ರಮವಾಗಿ ರಿ, ನಿ, ಗ, ಸ, ಪ, ಗ, ರಿ, ಸ, ನಿ, ಪ ಎಂದಾಗುತ್ತದೆ. ಒಂಬತ್ತನೆಯ ತಂತಿಯ ನಿಷಾದ ಮಾತ್ರ ಕೋಮಲ, ಎಂದರೆ ಕೈಶಿಕಿ. ಉಳಿದವೆಲ್ಲ ಶಂಕರಾಭರಣದ ಅಥವಾ ಬಿಲಾವಲದ ಸ್ವರಗಳೇ. ಮೊದಲ ಪೆಡಲ್ ಪಂಚಮವನ್ನು ಧೈವತಕ್ಕೆ ಏರಿಸುತ್ತದೆ, ಎರಡನೆಯದು ಗಾಂಧಾರವನ್ನು ಮಧ್ಯಮಕ್ಕೆ ಏರಿಸುತ್ತದೆ. ಮೊಣಕಾಲ ಸನ್ನೆಯೊಂದು ಷಡ್ಜವನ್ನು ಅರ್ಧಸ್ವರ ಇಳಿಸಿ ನಿಷಾದವಾಗಿಸುತ್ತದೆ.

ಮನೆಯಲ್ಲಿಯೋ ಶಾಲೆಯಲ್ಲಿಯೋ ಹಾರ್ಮೋನಿಯಂ ಇದ್ದರೆ ಮಕ್ಕಳು ಇದನ್ನು ತಾವೇ ಕೇಳಿ ನೋಡಬಹುದು. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಬೇಕು. ಷಡ್ಜದ ಬೆರಳನ್ನು ಕದಲಿಸದೆ ಗಾಂಧಾರವನ್ನು ಮಧ್ಯಮಕ್ಕೂ ಪಂಚಮವನ್ನು ಧೈವತಕ್ಕೂ ಸರಿಸಬೇಕು. ಎರಡು ಪೆಡಲ್‌ಗಳನ್ನು ಒತ್ತಿದಾಗ ಆಗುವುದು ಇದೇ. ಬಳಿಕ ಮೊದಲಿನ ಸ್ಥಾನಕ್ಕೆ ಬಂದು, ಪಂಚಮವನ್ನು ಉಳಿಸಿಕೊಂಡು, ಷಡ್ಜವನ್ನು ಕೆಳಗಿನ ನಿಷಾದಕ್ಕಿಳಿಸಿ, ಗಾಂಧಾರವನ್ನು ಬಿಟ್ಟು ರಿಷಭವನ್ನು ಒತ್ತಬೇಕು. ಮೊಣಕಾಲ ಸನ್ನೆಯು ಒದಗಿಸುವ ಗುಚ್ಛ ಅದು. ಸಾವಿರಾರು ಪಾಶ್ಚಾತ್ಯ ಹಾಡುಗಳು ಈ ಮೂರು ಗುಚ್ಛಗಳ ಮೇಲೆಯೇ ನಿಂತಿವೆ. ಇ-9 ಶ್ರುತಿಯಲ್ಲಿ ಉಕ್ಕಿನ ದಂಡವನ್ನು ಒಂದಿಷ್ಟೂ ಸರಿಸದೆ ಮೂರನ್ನೂ ನುಡಿಸಬಹುದು. ಹಾರ್ಮೋನಿಯಂ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಪೆಡಲ್ ಸ್ಟೀಲ್ ಜಾರಿಕೊಂಡು ಹೋಗುತ್ತದೆ. ವ್ಯತ್ಯಾಸ ಅಷ್ಟೇ.

ಎರಡನೆಯ ಪ್ರಸಿದ್ಧ ಶ್ರುತಿ ‘ಸಿ-6’. ಅದರ ತಿರುಳು ಸ, ಗ, ಪ, ದ. ಮೋಹನ ರಾಗದಿಂದ ರಿಷಭವನ್ನು ತೆಗೆದರೆ ಉಳಿಯುವ ಸ್ವರಗಳಿವು. ಸ-ಗ-ಪ ನುಡಿಸಿದರೆ ಹರ್ಷದ ಗುಚ್ಛ, ಅದೇ ಸ್ಥಾನದಲ್ಲಿ ದ-ಸ-ಗ ನುಡಿಸಿದರೆ ವಿಷಾದದ ಗುಚ್ಛ. ತಗ್ಗಿನ ತಂತಿಗಳು ಹೆಚ್ಚು, ನಾದ ತುಂಬಿದುದು, ಆದ್ದರಿಂದ ಜಾಝ್ ಮತ್ತು ಸ್ವಿಂಗ್ ಸಂಗೀತದವರಿಗೆ ಇದು ಪ್ರಿಯ. ಇ-9ರ ಎತ್ತರದ ತಂತಿಗಳ ಅಳುವ ದನಿ ಇದರಲ್ಲಿ ಇಲ್ಲ. ಎರಡೂ ಬೇಕೆನ್ನುವವರು ಎರಡು ಕೊರಳಿನ, ಇಪ್ಪತ್ತು ತಂತಿಗಳ ವಾದ್ಯವನ್ನು ಕೊಳ್ಳುತ್ತಾರೆ. ಅದನ್ನು ಹೊತ್ತು ಊರೂರು ತಿರುಗುವುದು ಬೆನ್ನಿಗೆ ಶ್ರಮ.

ಈ ಭಾರವನ್ನು ತಗ್ಗಿಸಲು ಹುಟ್ಟಿದ್ದು ‘ಯೂನಿವರ್ಸಲ್’ ಎಂಬ ಹನ್ನೆರಡು ತಂತಿಗಳ ಶ್ರುತಿ. ಅದರ ಯುಕ್ತಿ ಲೆಕ್ಕದಷ್ಟೇ ಸರಳ. ಇ-9ರಲ್ಲಿ ಷಡ್ಜವನ್ನು ನಿಷಾದಕ್ಕೆ ಇಳಿಸಿದಾಗ ಪ, ನಿ, ರಿ, ಗ ಎಂಬ ಸ್ವರಗಳು ದೊರೆಯುತ್ತವೆ. ಈಗ ಪಂಚಮವನ್ನೇ ಹೊಸ ಷಡ್ಜವೆಂದು ಎಣಿಸಿದರೆ ಅವು ಸ, ಗ, ಪ, ದ ಆಗುತ್ತವೆ. ಎಂದರೆ ಒಂದು ಸನ್ನೆಯನ್ನು ಒತ್ತಿ ಹಿಡಿದರೆ ಇ-9ರ ಒಡಲಿನಿಂದಲೇ ಸಿ-6ರ ಮಾದರಿ ಹೊರಬರುತ್ತದೆ. ಗ್ರಹಭೇದವನ್ನು ಬಲ್ಲ ಸಂಗೀತ ವಿದ್ಯಾರ್ಥಿಗಳಿಗೆ ಇದು ಕೂಡಲೇ ಅರ್ಥವಾಗುವ ಮಾತು. ಲಾಭ ಸ್ಪಷ್ಟ. ನಷ್ಟವೆಂದರೆ ಎರಡು ಕೊರಳಿನ ವಾದ್ಯಕ್ಕಾಗಿ ಬರೆದ ಪಾಠಗಳು ಇಲ್ಲಿ ಹಾಗೆಯೇ ಹೊಂದುವುದಿಲ್ಲ, ಪ್ರತಿಯೊಂದನ್ನೂ ವಿದ್ಯಾರ್ಥಿ ತಾನೇ ಪರಿವರ್ತಿಸಿಕೊಳ್ಳಬೇಕು.

ಶ್ರುತಿಯ ಬದಲಾವಣೆ ಬಿರಡೆ ತಿರುಗಿಸಿದಷ್ಟು ಸುಲಭವಲ್ಲ. ಉಕ್ಕಿನ ತಂತಿ ಯಾವ ಎತ್ತರದಲ್ಲಿ ಹರಿಯುತ್ತದೆಂಬುದು ಮುಖ್ಯವಾಗಿ ಅದರ ಉದ್ದವನ್ನೂ ಉಕ್ಕಿನ ಬಲವನ್ನೂ ಅವಲಂಬಿಸಿದೆ. ದಪ್ಪ ತಂತಿ ಹಾಕಿದ ಮಾತ್ರಕ್ಕೆ ಹೆಚ್ಚು ಎತ್ತರಕ್ಕೆ ಹೋಗಲಾಗದು. ಸುಮಾರು 24 ಅಂಗುಲ ಉದ್ದದ ಈ ವಾದ್ಯದಲ್ಲಿ ಮೂರನೆಯ ತಂತಿಯು ಸೆಕೆಂಡಿಗೆ 415 ಕಂಪನಗಳಿಂದ 440ಕ್ಕೆ ಮತ್ತೆ ಮತ್ತೆ ಏರಬೇಕು. ಅದು ಆ ಮಿತಿಯ ಬಳಿಯಲ್ಲೇ ಇರುವುದರಿಂದ ವಾದಕರ ಬಳಿ ಅದೇ ತಂತಿ ಹೆಚ್ಚಾಗಿ ಹರಿಯುತ್ತದೆ. ಪೆಡಲ್‌ಗೂ ತಂತಿಗೂ ನಡುವೆ ವಾದ್ಯದ ಅಡಿಯಲ್ಲಿ ಸರಳುಗಳ ಜಾಲವಿದೆ. ಒಂದು ಪೆಡಲ್‌ನ ಕೆಲಸವನ್ನು ಬದಲಿಸಬೇಕಾದರೆ ವಾದ್ಯವನ್ನು ಮಗುಚಿ, ಸರಳುಗಳನ್ನು ಬಿಚ್ಚಿ, ಮರಳಿ ಜೋಡಿಸಬೇಕು. ಇವೆಲ್ಲಕ್ಕಿಂತ ಕಷ್ಟದ್ದು ಕೈಕಾಲುಗಳಿಗೆ ಹತ್ತಿದ ಅಭ್ಯಾಸವನ್ನು ಬಿಡಿಸುವುದು. ಇ-9ರಲ್ಲಿ ಹತ್ತು ವರ್ಷ ಪಳಗಿದ ಕಾಲು ಹೊಸ ಶ್ರುತಿಯಲ್ಲಿ ಹಳೆಯ ಪೆಡಲ್ಲನ್ನೇ ಹುಡುಕುತ್ತದೆ.

ಹಾಗಾದರೆ ಎಲ್ಲರೂ ಇ-9ಕ್ಕೇ ಅಂಟಿಕೊಳ್ಳುವುದು ಲೇಸೇ? ಚರಿತ್ರೆ ಹಾಗೆ ಹೇಳುವುದಿಲ್ಲ. ಇಂದು ಸರ್ವಮಾನ್ಯವಾಗಿರುವ ಇ-9 ಕೂಡ ಒಬ್ಬೊಬ್ಬರ ಅತೃಪ್ತಿಯಿಂದ ಬೆಳೆದುದು. ಐಸಾಕ್ಸ್ ಒಂದೇ ಪೆಡಲ್‌ನಲ್ಲಿ ಮಾಡುತ್ತಿದ್ದ ಎರಡು ಬದಲಾವಣೆಗಳನ್ನು ಎರಡು ಪೆಡಲ್‌ಗಳಿಗೆ ಹಂಚಿದವರಲ್ಲಿ ಬಡಿ ಎಮನ್ಸ್ ಪ್ರಮುಖನು. 1960ರ ದಶಕದ ಆರಂಭದಲ್ಲಿ ರಿಷಭ ಮತ್ತು ನಿಷಾದಗಳ ತಂತಿಗಳೆರಡನ್ನು ಮೇಲಕ್ಕೆ ಸೇರಿಸಿದವನೂ ಅವನೇ. ಮೊದಲೆರಡು ತಂತಿಗಳು ಮೂರನೆಯದಕ್ಕಿಂತ ತಗ್ಗಿನ ಸ್ವರ ನುಡಿಯುವ ವಿಚಿತ್ರ ಕ್ರಮ ಉಂಟಾದದ್ದು ಹೀಗೆ. ಗಮನಿಸತಕ್ಕ ಸಂಗತಿಯೆಂದರೆ, ಅವನು ಇದ್ದುದನ್ನು ಕೆಡವಲಿಲ್ಲ. ಹಳೆಯ ತಂತಿಗಳ ಮೇಲೆ ನುಡಿಸುತ್ತಿದ್ದುದೆಲ್ಲವೂ ಉಳಿಯಿತು, ಸ್ವರಾವಳಿಗೆ ಇಲ್ಲದ ಮೆಟ್ಟಿಲು ಮಾತ್ರ ಸೇರಿಕೊಂಡಿತು.

ಪೂರ್ಣವಾಗಿ ಬೇರೆಯೇ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದ ಕಪ್ಪು ಜನರ ಕೆಲವು ಚರ್ಚುಗಳಲ್ಲಿ 1930ರ ದಶಕದಿಂದ ಸ್ಟೀಲ್ ಗಿಟಾರ್ ಆರಾಧನೆಯ ಅಂಗವಾಗಿದೆ. ಅಲ್ಲಿ ವಾದ್ಯವು ಹಾಡುವ ದನಿಯನ್ನು ಅನುಕರಿಸಬೇಕು, ಒಂದೇ ಗುಚ್ಛದ ಮೇಲೆ ಬಹುಹೊತ್ತು ಸಭೆಯನ್ನು ಹುರಿದುಂಬಿಸಬೇಕು. ಮೂರು ಗುಚ್ಛಗಳ ನಡುವೆ ನಯವಾಗಿ ಜಾರುವ ಅನುಕೂಲ ಅವರಿಗೆ ಅಷ್ಟಾಗಿ ಬೇಕಿರಲಿಲ್ಲ. ಅವರು ತಮ್ಮ ಹಿರಿಯರಿಂದಲೇ ಕಲಿತು, ತಮ್ಮ ಶ್ರುತಿಗಳನ್ನೇ ಬೆಳೆಸಿದರು. ಆ ಪರಂಪರೆಯ ಚಕ್ ಕ್ಯಾಂಪ್‌ಬೆಲ್‌ಗೆ 2004ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ದೊರೆಯಿತು. ಹವಾಯಿ ಗಿಟಾರ್ ಭಾರತಕ್ಕೆ ಬಂದಾಗಲೂ ಇಂಥದ್ದೇ ಮಾರ್ಪಾಟು ನಡೆಯಿತು. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯ ಬ್ರಿಜ್‌ಭೂಷಣ್ ಕಾಬ್ರಾ, ಮೋಹನವೀಣೆಯ ವಿಶ್ವಮೋಹನ ಭಟ್ಟ ಮೊದಲಾದವರು ರಾಗಸಂಗೀತಕ್ಕಾಗಿ ಅದನ್ನು ಒಗ್ಗಿಸಿಕೊಂಡರು. ಮೀಂಡಿಗೆ ಉಕ್ಕಿನ ದಂಡವೇ ಸಾಕು. ಸ್ವರಗುಚ್ಛಗಳಿಗಾಗಿ ಪೆಡಲ್‌ಗಳ ಅಗತ್ಯ ಅವರಿಗೆ ಬೀಳಲಿಲ್ಲ, ಅವರು ಆರಿಸಿಕೊಂಡದ್ದು ಚಿಕಾರಿಯ ಆಧಾರಶ್ರುತಿಯನ್ನು.

ಆದ್ದರಿಂದ ಬೇರೆ ಶ್ರುತಿಯನ್ನು ಆರಿಸಬಯಸುವ ಕಲಿಕೆಯವನು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ತಾನು ನುಡಿಸಬಯಸುವ ಯಾವ ಸ್ವರ ಅಥವಾ ಗುಚ್ಛ ಈಗಿನ ಶ್ರುತಿಯಲ್ಲಿ ದೊರೆಯುತ್ತಿಲ್ಲ? ಅದನ್ನು ಹೆಸರಿಸಲಾಗದಿದ್ದರೆ ಬದಲಾವಣೆಗೆ ಇನ್ನೂ ಕಾಲ ಬಂದಿಲ್ಲ. ಒಂದು ತಂತಿ ಅಥವಾ ಒಂದು ಸನ್ನೆಯನ್ನು ಸೇರಿಸಿದರೆ ಆ ಕೊರತೆ ನೀಗುವುದೇ? ನೀಗುವುದಾದರೆ ಉಳಿದ ಒಂಬತ್ತನ್ನು ಕದಲಿಸಬೇಕಿಲ್ಲ. ಹೊಸ ಶ್ರುತಿಯಲ್ಲಿ ತನಗೆ ಕಲಿಸುವವರು, ತನ್ನೊಡನೆ ನುಡಿಸುವವರು ಯಾರು? ಯಾರೂ ಇಲ್ಲದಿದ್ದರೆ ಪಾಠಗಳನ್ನು ತಾನೇ ಬರೆದುಕೊಳ್ಳುವ ತಾಳ್ಮೆ ಇರಬೇಕು. ಹಾಗೆ ಬರೆದುಕೊಂಡವರ ಪಾಠಗಳಿಂದಲೇ ಮುಂದೆ ಇತರರು ಕಲಿತದ್ದೂ ಉಂಟು.