ಹಳೆಯ ಸಾಮಾನುಗಳೂ ಹೊಸ ಅಭಿರುಚಿಯೂ

ಈಚಿನ ವರ್ಷಗಳಲ್ಲಿ ನಮ್ಮ ನಗರವಾಸಿಗಳಲ್ಲಿ ಒಂದು ಹೊಸ ಅಭಿರುಚಿ ತಲೆದೋರಿದೆ. ಹಿಂದಿನ ಕಾಲದ ಮನೆಬಳಕೆಯ ಸಾಮಾನುಗಳನ್ನು ಹುಡುಕಿ, ಕೊಂಡು ತಂದು, ದಿವಾಣಖಾನೆಯಲ್ಲಿ ಅಂದವಾಗಿ ಇರಿಸುವುದೇ ಆ ಅಭಿರುಚಿ. ಸ್ನಾನದ ನೀರು ಕಾಯುತ್ತಿದ್ದ ತಾಮ್ರದ ಹಂಡೆಯಲ್ಲಿ ಇಂದು ಎಲೆಗಿಡ ಬೆಳೆಯುತ್ತಿದೆ. ಪಾಯಸ ಕುದಿಯುತ್ತಿದ್ದ ಕಂಚಿನ ಉರುಳಿಯಲ್ಲಿ ಹೂವಿನ ಎಸಳುಗಳು ತೇಲುತ್ತಿವೆ. ಅಕ್ಕಿ ಅಳೆಯುತ್ತಿದ್ದ ಪಾವಿನಲ್ಲಿ ಪೆನ್ನು ಪೆನ್ಸಿಲುಗಳು ನಿಂತಿವೆ. ಅಜ್ಜಿಯಂದಿರು ಮಳೆಗಾಲದ ಮಧ್ಯಾಹ್ನಗಳಲ್ಲಿ ಆಡುತ್ತಿದ್ದ ಚೆನ್ನೆಮಣೆ ಗೋಡೆಯ ಮೇಲೆ ಚಿತ್ರಪಟದಂತೆ ತೂಗಾಡುತ್ತಿದೆ.

ಇದನ್ನು ಕಂಡು ಹಿರಿಯರು ನಗುತ್ತಾರೆ. ‘ನಾವು ತೂಕಕ್ಕೆ ಹಾಕಿದ್ದನ್ನು ಇವರು ಹಣ ಸುರಿದು ಮನೆಗೆ ತರುತ್ತಿದ್ದಾರಲ್ಲ!’ ಎನ್ನುತ್ತಾರೆ. ಕಿರಿಯರಾದರೋ, ‘ಅಂದವಾಗಿದೆ, ಆದುದರಿಂದ ತಂದೆವು, ಇದರಲ್ಲಿ ವಿಚಾರ ಮಾಡುವುದೇನಿದೆ?’ ಎಂದು ಕೇಳುತ್ತಾರೆ. ವಿಚಾರ ಮಾಡತಕ್ಕದ್ದು ಇದೆಯೆಂದೇ ನನ್ನ ನಮ್ರ ಅಭಿಪ್ರಾಯ. ಈ ಅಭಿರುಚಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಇನ್ನೂ ಎರಡು ಹೆಜ್ಜೆ ಮುಂದೆ ಹೋಗಬೇಕೆಂಬುದೇ ನನ್ನ ಕೋರಿಕೆ.

ಈ ವಸ್ತುಗಳು ನಮ್ಮ ಮನೆಗಳನ್ನು ಬಿಟ್ಟು ಹೋದುದೇಕೆ ಎಂಬುದನ್ನು ಮೊದಲು ನೋಡೋಣ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸ್ಟೀಲು ಪಾತ್ರೆಗಳು ಮನೆಮನೆಗೂ ಬಂದುವು. ಹಿತ್ತಾಳೆಯನ್ನು ಹುಣಿಸೆಹಣ್ಣು ಹಚ್ಚಿ ದಿನವೂ ತಿಕ್ಕಬೇಕು; ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಬೇಕು; ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಯ ಪದಾರ್ಥ ಕಿಲುಬುತ್ತದೆ. ಸ್ಟೀಲಿಗೆ ಈ ಉಪದ್ರವಗಳೊಂದೂ ಇಲ್ಲ. 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿ ಬಂದಮೇಲೆ ಸೇರು, ಪಾವು, ಕುಡ್ತೆಗಳಿಗೆ ಅಂಗಡಿಯಲ್ಲಿ ಕೆಲಸ ತಪ್ಪಿತು. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರು ಚಾಳಿನ ಒಂದು ಕೋಣೆಯಲ್ಲಿ ಆರೇಳು ಮಂದಿ ಬಾಳಿದರು. ಅಲ್ಲಿ ಹಂಡೆಯನ್ನು ಇಡುವುದೆಲ್ಲಿ? ಆದುದರಿಂದ ಹಳೆಯದನ್ನು ಮಾರಿದ ನಮ್ಮ ತಾಯಂದಿರನ್ನು ದೂಷಿಸುವುದು ನ್ಯಾಯವಲ್ಲ. ಆ ಪಾತ್ರೆಗಳ ಹೊಳಪಿನ ಹಿಂದೆ ಅವರ ಅಂಗೈಯ ಸವೆತವಿತ್ತು. ಸ್ಟೀಲು ಅವರಿಗೆ ದಿನಕ್ಕೊಂದು ಗಂಟೆಯ ಬಿಡುವನ್ನಾದರೂ ಕೊಟ್ಟಿತು.

ಈಗ ನನ್ನ ಅನುಭವವೊಂದನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ನಾನು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿದ್ದೆ. ಹಳೆಯ ಗಡಿಯಾರ, ಗ್ರಾಮೊಫೋನು, ತೂಗುದೀಪಗಳ ನಡುವೆ ಒಂದು ಅಂಗಡಿಯಲ್ಲಿ ನಮ್ಮ ಕಡೆಯ ಹಿತ್ತಾಳೆಯ ಗಿಂಡಿಯೊಂದು ಕಣ್ಣಿಗೆ ಬಿತ್ತು. ಎತ್ತಿ ನೋಡಿದೆ. ಅದರ ಕೊರಳಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ಬರಹವಿತ್ತು. ಅಂಗಡಿಯವರು, ‘ಬೆಹನ್‌ಜೀ, ಇದು ಯಾವ ಲಿಪಿಯೆಂದು ಯಾರೂ ಹೇಳಲಿಲ್ಲ, ನಿಮಗೆ ಬರುತ್ತದೆಯೇ?’ ಎಂದು ಕೇಳಿದರು. ಅದು ಕನ್ನಡ. ಒಬ್ಬ ಹೆಣ್ಣುಮಗಳ ಹೆಸರು, ಊರಿನ ಮೊದಲ ಎರಡು ಅಕ್ಷರ, 1931 ಎಂಬ ವರ್ಷ. ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಗೆ ಹೆಸರು ಕೊರೆಯಿಸುವ ವಾಡಿಕೆ ನಮ್ಮಲ್ಲಿತ್ತಷ್ಟೆ. ಇದೂ ಅಂತಹದೇ ಉಡುಗೊರೆಯಾಗಿದ್ದಿರಬೇಕು. ಓದಿ ಅರ್ಥ ಹೇಳಿದೆ. ಅವರು ಕುತೂಹಲದಿಂದ ಕೇಳಿದರು. ಆದರೆ ಅವರು ಹೇಳಿದ ಬೆಲೆ ನನ್ನ ಕೈಚೀಲಕ್ಕೆ ಮೀರಿದುದಾಗಿತ್ತು. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮರಳಿದೆ.

ಸಂಬಳ ಬಂದ ಮೇಲೆ ಪುನಃ ಹೋದೆ. ಗಿಂಡಿ ಇರಲಿಲ್ಲ. ಯಾವುದೋ ಭೋಜನಗೃಹದ ಅಲಂಕಾರಕ್ಕಾಗಿ ಒಬ್ಬರು ಒಯ್ದಿದ್ದರು. ‘ಅವರಿಗೆ ಆ ಅಕ್ಷರಗಳು ಬೇಡವಾಗಿದ್ದವು, ಯಂತ್ರದಲ್ಲಿ ಉಜ್ಜಿಸಿ ಕೊಟ್ಟೆ’ ಎಂದರು ಅಂಗಡಿಯವರು. ಅವರ ಮಾತಿನಲ್ಲಿ ಕಪಟವೇನೂ ಇರಲಿಲ್ಲ. ಗಿರಾಕಿ ಕೇಳಿದುದನ್ನು ವ್ಯಾಪಾರಿ ಮಾಡಿಕೊಟ್ಟರು. ಆದರೆ ನನಗೆ ಮಾತ್ರ ಯಾರದೋ ಮನೆಯ ಗೋಡೆಯಿಂದ ಹಿರಿಯರ ಭಾವಚಿತ್ರವನ್ನು ಇಳಿಸಿ ಚೌಕಟ್ಟನ್ನಷ್ಟೇ ಇರಿಸಿಕೊಂಡಂತೆ ತೋರಿತು. ಆ ಹೆಸರನ್ನು ನಾನು ಇಲ್ಲಿ ಅಚ್ಚು ಹಾಕಿಸುವುದಿಲ್ಲ; ಆ ಮನೆತನದವರು ಎಲ್ಲಿಯೋ ಇದ್ದಾರು. ಚೀಟಿ ನನ್ನ ಬಳಿ ಇದೆ.

ಅಲಂಕಾರಕ್ಕಾಗಿ ಹಳೆಯ ವಸ್ತುವನ್ನು ಇಡುವುದು ತಪ್ಪಲ್ಲ. ಅದರ ಹೆಸರು, ಕೆಲಸ, ಊರು ಇವುಗಳನ್ನು ಅಳಿಸಿ ಇಡುವುದು ತಪ್ಪು. ಹೆಸರಿಲ್ಲದ ಗಿಂಡಿ ಕೇವಲ ಕೆಲವು ಸೇರು ಹಿತ್ತಾಳೆ. ಅದನ್ನು ನೋಡಿದ ಮಗು ‘ಇದೇನು?’ ಎಂದು ಕೇಳಿದಾಗ, ‘ಶೋಕಿಗೆ ಇಟ್ಟಿದ್ದು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಮನೆಯಲ್ಲಿ ಇರಬೇಡವೇ? ಬಂದ ಅತಿಥಿಗೆ ಕೈಕಾಲು ತೊಳೆಯಲು ನೀರು ಕೊಡುತ್ತಿದ್ದ ಪಾತ್ರೆ ಇದು, ಕೊಕ್ಕೆಯಂತಹ ಈ ಮೂತಿ ನೀರು ಪೋಲಾಗದಂತೆ ಸಣ್ಣ ಧಾರೆಯಾಗಿ ಬೀಳಿಸುತ್ತದೆ, ಎಂದು ಹೇಳಿದರೆ ಮಗುವಿಗೆ ಒಂದು ಜೀವನಕ್ರಮವೇ ಕಂಡೀತು.

ಸಂಗ್ರಹವೆಂದರೆ ಏನೆಂಬುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ. ಪುಣೆಯಲ್ಲಿ ದಿನಕರ ಕೇಳಕರ್ ಅವರು (1896-1990) ಕನ್ನಡಕದ ವ್ಯಾಪಾರ ಮಾಡಿಕೊಂಡಿದ್ದ ಮರಾಠಿ ಕವಿ. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ನೆನಪಿನಲ್ಲಿ ಅವರು ಊರೂರು ತಿರುಗಿ ದೀಪ, ಅಡಕತ್ತರಿ, ಬಾಚಣಿಗೆ, ಪಾತ್ರೆ, ವಾದ್ಯ, ಬಾಗಿಲುಗಳನ್ನು ಕೂಡಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಆ ವಸ್ತುಗಳನ್ನು ಮುಂದೆ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅಲ್ಲಿ ರಾಜರ ಕಿರೀಟಕ್ಕಿಂತ ಗೃಹಿಣಿಯ ಅಡಕತ್ತರಿಗೆ ಹೆಚ್ಚಿನ ಮರ್ಯಾದೆ. ನಮ್ಮ ಮಣಿಪಾಲದಲ್ಲಿ, ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಪುನಃ ಜೋಡಿಸಿ ಒಂದು ಪರಂಪರೆಯ ಗ್ರಾಮವನ್ನು ಕಟ್ಟಿದರು. 2017ರಲ್ಲಿ ಅವರು ಕಾಲವಾದರೂ ಆ ಮನೆಗಳು ನಿಂತಿವೆ. ಈ ಇಬ್ಬರೂ ಸಿರಿವಂತ ಮನೆತನದ ಹವ್ಯಾಸಿಗಳಲ್ಲ, ದುಡಿದು ಬಾಳಿದವರು ಎಂಬುದನ್ನು ನಾವು ಗಮನಿಸಬೇಕು.

ತಿಳಿವಳಿಕೆಯಿಲ್ಲದ ಪ್ರೀತಿ ವಸ್ತುವಿಗೆ ಕೇಡನ್ನೂ ಮಾಡೀತು. ಬೀದರಿನ ಬಿದ್ರಿ ಪಾತ್ರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿರಿ. ಅದರ ಮೈ ಮುಖ್ಯವಾಗಿ ಸತು, ಅಲ್ಪಸ್ವಲ್ಪ ತಾಮ್ರ. ಕೆತ್ತಿದ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿದ ಬಿಸಿ ನೀರಿನಲ್ಲಿ ಅದ್ದಿದಾಗ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪೇ ಕುಶಲಕರ್ಮಿಯ ವಿದ್ಯೆ. ಅದನ್ನು ಕೊಳೆಯೆಂದು ತಿಳಿದು ಹುಣಿಸೆಹಣ್ಣಿನಿಂದ ತಿಕ್ಕಿದರೆ ಗತಿಯೇನು? ಹಾಗೆಯೇ ಹಳೆಯ ದೀಪಕ್ಕೆ ತೂತು ಕೊರೆದು ವಿದ್ಯುತ್ತಿನ ತಂತಿ ತೂರಿಸುವುದು, ಮರದ ಪೆಟ್ಟಿಗೆಗೆ ಬಣ್ಣ ಬಳಿಯುವುದು, ಇವು ಶೃಂಗಾರವಲ್ಲ, ವಿಕಾರ.

ಕೊಳ್ಳುವವರು ಇನ್ನೂ ಒಂದು ಮಾತನ್ನು ಮರೆಯಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಾಗಿರುವುದೆಲ್ಲ ಹಳೆಯದೂ ಅಲ್ಲ. ಹೊಸ ಹಿತ್ತಾಳೆಗೆ ರಾಸಾಯನಿಕ ಹಚ್ಚಿ ಮುದಿತನ ಬರಿಸುವುದು ಕಷ್ಟದ ಕೆಲಸವೇನಲ್ಲ. ಕೈ ತಾಕುವ ಕಡೆ ಸವೆದು, ತಾಕದ ಕಡೆ ಸವೆಯದೆ ಇರುವುದು ನಿಜವಾದ ಬಳಕೆಯ ಗುರುತು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು ಪುರಾವಸ್ತುಗಳೆನಿಸುತ್ತವೆ; ಅವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯಕೂಡದು. ಅದಕ್ಕಿಂತಲೂ ಮುಖ್ಯವಾದುದು ನಮ್ಮ ಆತ್ಮಸಾಕ್ಷಿಯ ಕಾಯಿದೆ. ಇದು ಯಾವುದಾದರೂ ದೇವಸ್ಥಾನದಿಂದ ಕಾಣೆಯಾದ ದೀಪವೇ ಎಂದು ಕೇಳದೆ ಕೊಂಡವರ ಮನೆಯಲ್ಲಿ ಆ ದೀಪ ಬೆಳಗಿದರೂ ಏನು ಶೋಭೆ?

‘ಹತ್ತು ಅಡಿ ಕೋಣೆಯಲ್ಲಿರುವ ನಮಗೆ ಈ ಉಪದೇಶವೇಕೆ?’ ಎಂದು ಪಾಲಕರಲ್ಲಿ ಕೆಲವರು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಬಜಾರಿಗೆ ಹೋಗಿ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಮೊದಲು ಮನೆಯ ಅಟ್ಟವನ್ನು ನೋಡಿರಿ. ಒಂದು ತಂಬಿಗೆ, ಒಂದು ಸುಣ್ಣದ ಡಬ್ಬಿ, ಒಂದು ಅಡಕತ್ತರಿ ಸಿಕ್ಕರೂ ಸಾಕು. ಏನೂ ಸಿಕ್ಕದಿದ್ದರೆ ಅಜ್ಜಿಯ ಬಳಿ ಕುಳಿತು, ಊರಿನ ಮನೆಯ ಅಡಿಗೆಕೋಣೆಯಲ್ಲಿ ಏನೇನಿತ್ತೆಂದು ಕೇಳಿ ಬರೆದುಕೊಳ್ಳಿರಿ. ಅದಕ್ಕೆ ಸ್ಥಳವೂ ಬೇಡ, ಹಣವೂ ಬೇಡ. ಬೇಕಾದುದು ಬಿಡುವು ಮತ್ತು ಕನ್ನಡ.

ವಿದ್ಯಾರ್ಥಿಮಿತ್ರರೆ, ನಿಮಗಾಗಿ ನನ್ನದೊಂದು ಸೂಚನೆಯಿದೆ. ನಮ್ಮ ಶಾಲೆಯಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಮೀಸಲಿಡೋಣ. ನೀವು ತರುವ ಪ್ರತಿಯೊಂದು ವಸ್ತುವಿನ ಬಳಿ ಒಂದು ಚೀಟಿ ಇರಲಿ: ಇದರ ಹೆಸರೇನು, ಏನು ಕೆಲಸಕ್ಕೆ ಬರುತ್ತಿತ್ತು, ಯಾವ ಊರಿನಿಂದ ಬಂತು, ಯಾರು ಬಳಸಿದರು. ಉಡುಪಿಯ ಮಗು ಗಿಂಡಿ ತಂದೀತು, ಬಿಜಾಪುರದ ಮಗು ರೊಟ್ಟಿಯ ಕೊಣಮಿಗೆ ತಂದೀತು. ವರ್ಷದ ಕೊನೆಗೆ ವಸ್ತುಗಳು ಅವರವರ ಮನೆಗೆ ಮರಳಲಿ. ಚೀಟಿಗಳ ನಕಲು ಶಾಲೆಯಲ್ಲಿ ಉಳಿಯಲಿ.

ಕನ್ನಡ ಮಾಧ್ಯಮದಲ್ಲಿ ಕಲಿತು ಈ ಮಹಾನಗರದಲ್ಲಿ ಏನು ಪ್ರಯೋಜನವೆಂದು ನಿಮ್ಮನ್ನು ಅನೇಕರು ಕೇಳುತ್ತಾರೆ, ನನ್ನನ್ನೂ ಕೇಳುತ್ತಾರೆ. ದೊಡ್ಡ ದೊಡ್ಡ ಉತ್ತರಗಳನ್ನು ದೊಡ್ಡವರು ಕೊಡಲಿ. ಅಂದು ಆ ಓಣಿಯಲ್ಲಿ, ತೊಂಬತ್ತು ವರ್ಷಗಳ ಹಿಂದಿನ ಒಬ್ಬ ಮದುಮಗಳ ಹೆಸರನ್ನು ಓದಲು ನನಗೆ ಬಂದುದು ಶಾಲೆಯಲ್ಲಿ ಕಲಿತ ಈ ಅಕ್ಷರಗಳಿಂದಲೇ. ನಿಮ್ಮ ಮನೆಯ ಪಾತ್ರೆಗಳ ಕೊರಳನ್ನು ಒಮ್ಮೆ ತಿರುಗಿಸಿ ನೋಡಿರಿ. ಯಂತ್ರಕ್ಕೆ ಸಿಕ್ಕುವ ಮುಂಚೆ ಅಲ್ಲಿ ಬರೆದುದನ್ನು ಓದಿರಿ.