ಮೇಷ್ಟ್ರೇ, ನಿಮ್ಮ ಎಸ್‌ಆರ್ ಒಮ್ಮೆ ತೆರೆದು ನೋಡಿ

ಆರ್‌ಪಿಸಿ ಲೇಔಟ್, ಹಂಪಿನಗರ, ಅತ್ತಿಗುಪ್ಪೆಯ ಸುತ್ತಮುತ್ತ ಇರುವ ಸರ್ಕಾರಿ ಶಾಲೆಯ ಶಿಕ್ಷಕ, ಶಿಕ್ಷಕಿಯರಲ್ಲಿ, ಮತ್ತು ಶಿಕ್ಷಣ ಇಲಾಖೆಯ ಸಿಬ್ಬಂದಿ ಶಾಖೆಗಳಲ್ಲಿ ದುಡಿದು ನನ್ನಂತೆ ನಿವೃತ್ತರಾದವರಲ್ಲಿ ಒಂದು ಮನವಿ.

ಬಿಇಒ ಕಚೇರಿಯಲ್ಲಿ ನಾನು ನೋಡಿಕೊಂಡದ್ದು ಶಿಕ್ಷಕರ ಸೇವಾ ವಿಷಯಗಳನ್ನು. ನೇಮಕಾತಿ ಆದೇಶದಿಂದ ಪಿಂಚಣಿ ಪ್ರಸ್ತಾವನೆಯವರೆಗೆ ಒಬ್ಬ ಮೇಷ್ಟ್ರ ನೌಕರಿಯೆಲ್ಲ ಇರುವುದು ಸೇವಾ ಪುಸ್ತಕದಲ್ಲಿ, ಅಂದರೆ ಎಸ್‌ಆರ್‌ನಲ್ಲಿ. ವಾರ್ಷಿಕ ವೇತನ ಬಡ್ತಿ, ರಜೆ, ವರ್ಗಾವಣೆ, 10 ವರ್ಷದ ಕಾಲಬದ್ಧ ಮುಂಬಡ್ತಿ, ಏನೇ ಆದರೂ ಅಲ್ಲಿ ಬರೆದು ಅಧಿಕಾರಿಯ ಸಹಿ ಬಿದ್ದರೇ ಲೆಕ್ಕ. ಎಚ್‌ಆರ್‌ಎಂಎಸ್‌ನಲ್ಲಿ ತಿಂಗಳು ತಿಂಗಳು ಸಂಬಳದ ಬಿಲ್ಲು ಆಗುತ್ತಿದೆಯಲ್ಲ ಎಂದು ಹೆಚ್ಚಿನವರು ನೆಮ್ಮದಿಯಾಗಿರುತ್ತಾರೆ. ಎಡವುವುದು ಅಲ್ಲೇ. ಹಳೆಯ ಪಿಂಚಣಿಯವರ ಕಡತ ಮಹಾಲೇಖಪಾಲರ ಕಚೇರಿಗೆ ಹೋದಾಗ ಅವರು ತಿರುವಿ ಹಾಕುವುದು ಎಸ್‌ಆರ್‌ನ ಪುಟಗಳನ್ನು.

ಒಂದು ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರಟ್ಟು ಕಿತ್ತು, ದಾರ ಸಡಿಲವಾಗಿ, ಮೊದಲ ಪುಟದ ಬೆರಳಚ್ಚು ಮಾಸಿಹೋಗಿತ್ತು. ಮೇಷ್ಟ್ರು ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡಿದವರು. ನಡುವಿನ ತಾಲ್ಲೂಕಿನ ವರ್ಷಗಳಲ್ಲಿ ಬಡ್ತಿಯ ಮೊತ್ತ ಬರೆದಿದೆ, ಎದುರಿನ ಸಹಿಯ ಕಾಲಂ ಖಾಲಿ. ವೇತನ ಬಿಲ್ಲಿನೊಂದಿಗೆ ತಾಳೆ ನೋಡಿ ವರ್ಷವರ್ಷವೂ ಬರೆಯಬೇಕಾದ ‘ಸೇವೆ ಪರಿಶೀಲಿಸಲಾಗಿದೆ’ ಎಂಬ ಒಂದು ಸಾಲೂ ಇಲ್ಲ. ಮದುವೆಯಾದ ಮೇಲೆ ಹೆಂಡತಿಯ ಹೆಸರನ್ನೂ ಬರೆಸಿರಲಿಲ್ಲ. ಸೇವೆಯಲ್ಲಿದ್ದಾಗಲೇ ಅವರು ತೀರಿಕೊಂಡರು. ಪಾಪ, ಆ ಹೆಣ್ಣುಮಗಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹಳೆಯ ಸಂಬಳದ ರಿಜಿಸ್ಟರು ಹುಡುಕಿಸುತ್ತ ಅಲೆದರು. ಗಂಡ ಬದುಕಿದ್ದಾಗ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದು.

ಹೊಸದಾಗಿ ಸೇರಿದವರು ಜನ್ಮದಿನಾಂಕವನ್ನು ಮೊದಲು ನೋಡಿಕೊಳ್ಳಿ. 1974ರ ವಯಸ್ಸು ನಿರ್ಧಾರಣಾ ಕಾಯ್ದೆಯ ಪ್ರಕಾರ, ಸೇವಾ ದಾಖಲೆಯಲ್ಲಿ ವಯಸ್ಸು ನಮೂದಾದ 3 ವರ್ಷದೊಳಗೆ ತಿದ್ದುಪಡಿ ಕೇಳದಿದ್ದರೆ ಆಮೇಲೆ ದಾರಿ ಇಲ್ಲ. ನಿವೃತ್ತಿಯ ಹೊಸ್ತಿಲಲ್ಲಿ ಶಾಲಾ ದಾಖಲಾತಿ ಹಿಡಿದು ಬಂದವರಿಗೆ ಇದನ್ನು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ಎನ್‌ಪಿಎಸ್‌ನಲ್ಲಿರುವವರು ಪ್ರಾನ್ ಖಾತೆಯ ನಾಮಿನಿಯನ್ನೂ ಪರಿಶೀಲಿಸಿ.

ರಜೆಯ ಲೆಕ್ಕಕ್ಕೆ ಬನ್ನಿ. ಬೇಸಿಗೆ, ದಸರಾ ರಜೆ ಇದೆಯೆಂದು ಶಿಕ್ಷಕರಿಗೆ ಗಳಿಕೆ ರಜೆ ಕಡಿಮೆ. ಆದರೆ ಆ ರಜೆಯಲ್ಲೇ ಸರ್ಕಾರ ಕೆಲಸಕ್ಕೆ ಕರೆದರೆ ಅದಕ್ಕೆ ತಕ್ಕ ಗಳಿಕೆ ರಜೆ ಜಮೆಯಾಗಬೇಕು. 2025ರ ದಸರೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ನೀವೇ. ಚುನಾವಣೆ, ಜನಗಣತಿಗೂ ನಿಮ್ಮನ್ನೇ ಕರೆಯುತ್ತಾರೆ. ನಿಯೋಜನೆಯ ಆದೇಶ, ಹಾಜರಾತಿ ಪ್ರಮಾಣಪತ್ರ ಎರಡನ್ನೂ ಜೋಪಾನ ಮಾಡಿ, ಎಸ್‌ಆರ್‌ನ ರಜೆ ಲೆಕ್ಕದಲ್ಲಿ ಸೇರಿದೆಯೇ ಎಂದು ಕೇಳಿ. ನಿವೃತ್ತಿಯ ದಿನ ಗರಿಷ್ಠ 300 ದಿನಗಳವರೆಗೆ ನಗದಾಗುವ ರಜೆ ಇದು, ನಿಮ್ಮ ಬೆವರಿನ ಹಣ.

ಕೇಳುವಾಗ ಕೇಸ್ ವರ್ಕರ್ ಮೇಲೆ ಮಾತ್ರ ಹರಿಹಾಯಬೇಡಿ. ಅವರ ಮೇಜಿನ ಮೇಲೆ ನೂರಾರು ಎಸ್‌ಆರ್‌ಗಳಿರುತ್ತವೆ. ಜೊತೆಗೆ ವರ್ಗಾವಣೆ ಕೌನ್ಸೆಲಿಂಗ್, ಅತಿಥಿ ಶಿಕ್ಷಕರ ಗೌರವಧನ, ಸಂಜೆಯೊಳಗೆ ಕಳಿಸಬೇಕಾದ ಮಾಹಿತಿ. ಯಾವ ಪುಟದಲ್ಲಿ ಏನು ಬಿಟ್ಟುಹೋಗಿದೆ ಎಂದು ನೀವೇ ಬರೆದುಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಇನ್ನು ನನ್ನ ಜೊತೆಯ ನಿವೃತ್ತರಿಗೆ. ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕುವ ನಮಗೆ ಸೇವಾ ನಿಯಮಗಳು ಇನ್ನೂ ಬಾಯಿಪಾಠವಾಗಿವೆ. ಎಸ್‌ಆರ್ ಕೂಡ ಈಗ ಕಂಪ್ಯೂಟರಿಗೆ ಏರುತ್ತಿದೆ. ಕಾಗದದ ತಪ್ಪು ಅಲ್ಲಿಗೂ ಹಾಗೇ ಹೋದರೆ ಹುಡುಕುವುದು ಇನ್ನೂ ಕಷ್ಟ. ಈ ಶಿಕ್ಷಕರ ಎಸ್‌ಆರ್ ನೋಡಿಕೊಡಲು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡಿ. ಒಬ್ಬರು ವೇತನ ನಿಗದಿ ನೋಡಲಿ, ಇನ್ನೊಬ್ಬರು ರಜೆ ಲೆಕ್ಕ, ಮತ್ತೊಬ್ಬರು ಪಿಂಚಣಿ ನಮೂನೆ. ಕೂರಲು ನಮ್ಮ ಮನೆಯ ಮೇಲಿನ ಕೋಣೆ ಖಾಲಿಯಿದೆ. ಇದಕ್ಕೆ ಯಾರೂ ಯಾರಿಗೂ ಒಂದು ರೂಪಾಯಿ ಕೊಡುವಂತಿಲ್ಲ.

ಮೆಟ್ರೋ ಹತ್ತಿ ಕೆಂಗೇರಿ ಕಡೆಯ ಶಾಲೆಗಳಿಗೆ ಹೋಗಿಬರುವ ಮೇಷ್ಟ್ರುಗಳೇ, ಮೇಡಂಗಳೇ, ಮೂಲ ಎಸ್‌ಆರ್ ಕಚೇರಿಯಿಂದ ಹೊರಗೆ ತರುವಂತಿಲ್ಲ. ಅರ್ಜಿ ಕೊಟ್ಟು ನಕಲು ಪಡೆದು ಭಾನುವಾರ ತನ್ನಿ. ನೇಮಕಾತಿ ಆದೇಶ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವರ್ಗಾವಣೆ ಆದೇಶಗಳು, ಕೆಜಿಐಡಿ ಪಾಲಿಸಿ, ಆಧಾರ್ ಇವುಗಳ ಪ್ರತಿ ಜೊತೆಗಿರಲಿ. ನಿವೃತ್ತಿಗೆ ಎರಡು ವರ್ಷ ಉಳಿದಿರುವವರು ಈ ತಿಂಗಳೇ ಬನ್ನಿ.