ಸಣ್ಣ ಊರಿನ ಬಾಡಿಗೆ ಮನೆ: ಮೊದಲು ಹುಡುಕಬೇಕಾದ್ದು ಬಾಡಿಗೆದಾರರನ್ನು

ಬೆಂಗಳೂರಿನಲ್ಲಿ ದುಡಿಯುವವರ ಉಳಿತಾಯ ಈಗ ಊರಿನ ಕಡೆ ಮುಖ ಮಾಡಿದೆ. ರಾಜಧಾನಿಯಲ್ಲಿ ಒಂದು ಫ್ಲ್ಯಾಟಿಗೆ ಬೀಳುವ ದುಡ್ಡಿನಲ್ಲಿ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಸ್ವತಂತ್ರ ಮನೆಯೇ ಬರುತ್ತದೆ, ಬಾಡಿಗೆಗೆ ಬಿಟ್ಟರೆ ಸಾಲದ ಕಂತೂ ಹಗುರವಾಗುತ್ತದೆ ಎಂಬ ಲೆಕ್ಕಾಚಾರ ಅನೇಕ ಮನೆಗಳಲ್ಲಿ ನಡೆದಿದೆ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. ಮರುತಿಂಗಳೇ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಇಂಥ ಸುದ್ದಿಗಳ ಬೆನ್ನಿಗೇ ಊರಾಚೆಯ ಹೊಲಗಳಲ್ಲಿ ಬಡಾವಣೆಗಳ ಕಮಾನುಗಳು ಏಳುತ್ತವೆ. ಸಣ್ಣ ಊರಿನಲ್ಲಿ ಬಾಡಿಗೆ ಮನೆ ಮಾಡುವುದು ಒಳ್ಳೆಯ ಯೋಚನೆಯೇ. ಆದರೆ ಸೈಟಿನ ಬೆಲೆ ಏರೀತೆಂಬ ಆಸೆಯನ್ನೂ ತಿಂಗಳ ಬಾಡಿಗೆಯನ್ನೂ ಒಂದೇ ಲೆಕ್ಕದಲ್ಲಿ ಕಲಸಿಕೊಂಡವರು ಕೈಸುಟ್ಟುಕೊಳ್ಳುತ್ತಾರೆ. ವಿಮಾನ ನಿಲ್ದಾಣ ಇದೆಯೆಂದು ಯಾರೂ ಬಾಡಿಗೆಗೆ ಬರುವುದಿಲ್ಲ. ನೌಕರಿ, ಓದು, ವರ್ಗಾವಣೆಗೆಂದು ಬರುತ್ತಾರೆ.

ಒಂದು ಉದಾಹರಣೆ ಹಾಕಿ ನೋಡೋಣ. ಹೊಸ ಬಡಾವಣೆಯಲ್ಲಿ 40 ಲಕ್ಷ ರೂಪಾಯಿಯ ಮನೆ, ತಿಂಗಳಿಗೆ 12 ಸಾವಿರ ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1.44 ಲಕ್ಷ. ಒಂದು ತಿಂಗಳು ಮನೆ ಖಾಲಿ ಬಿದ್ದು, ಆಸ್ತಿ ತೆರಿಗೆ, ಸುಣ್ಣಬಣ್ಣ, ಮೋಟಾರ್ ರಿಪೇರಿ ಎಲ್ಲ ಕಳೆದರೆ ಕೈಗೆ ಉಳಿಯುವುದು 1.15 ಲಕ್ಷದ ಆಸುಪಾಸು. ಹಾಕಿದ ದುಡ್ಡಿಗೆ ಶೇ 3ಕ್ಕೂ ಕಡಿಮೆ. 30 ಲಕ್ಷವನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಸಾಲ ತಂದಿದ್ದರೆ ತಿಂಗಳ ಕಂತೇ 26 ಸಾವಿರ ದಾಟುತ್ತದೆ. ಉಳಿದದ್ದನ್ನು ಸಂಬಳದಿಂದ ತುಂಬಬೇಕು. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರ ಶೇ 30ರಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ, ನಿಜ. ಆದರೆ ಬಾಡಿಗೆಗಿಂತ ಬಡ್ಡಿಯೇ ಹೆಚ್ಚಾಗಿ ಆಗುವ ನಷ್ಟವನ್ನು ಸಂಬಳದಲ್ಲಿ ಕಳೆದು ತೋರಿಸಲು ಹೊಸ ತೆರಿಗೆ ಪದ್ಧತಿಯಲ್ಲಿ ಅವಕಾಶವಿಲ್ಲ.

ಅದೇ ಊರಿನ ಹಳೆಯ ಭಾಗದಲ್ಲಿ, ಆಸ್ಪತ್ರೆಗೆ ನಡೆದು ಹೋಗುವ ದೂರದಲ್ಲಿ, ಮೂರು ಪೋರ್ಷನ್ನಿನ ಹಳೆಯ ಮನೆ 45 ಲಕ್ಷಕ್ಕೆ ಸಿಕ್ಕಿತೆನ್ನಿ. ಒಂದೊಂದಕ್ಕೆ 7 ಸಾವಿರದಂತೆ ತಿಂಗಳಿಗೆ 21 ಸಾವಿರ. ರಿಪೇರಿ ಹೆಚ್ಚಿದ್ದರೂ ವರ್ಷಕ್ಕೆ 2 ಲಕ್ಷ ಉಳಿಯಬಹುದು. ಒಂದು ಪೋರ್ಷನ್ ಖಾಲಿಯಾದರೆ ಉಳಿದೆರಡು ನಡೆಯುತ್ತಿರುತ್ತವೆ. ಗ್ರಾನೈಟ್ ನೆಲ, ಫಾಲ್ಸ್ ಸೀಲಿಂಗ್ ಇಲ್ಲದ ಇಂಥ ಮನೆಯನ್ನು ಬ್ರೋಕರ್ ತೋರಿಸುವುದೇ ಕಡಿಮೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ ಹುಡುಕಿ ಎಂದು.

ಬಾಡಿಗೆದಾರರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ದಾವಣಗೆರೆಯ ಚರಿತ್ರೆಯೇ ಸಾಕ್ಷಿ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಅದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಖಾಲಿಯಾಗದಂತೆ ಹಿಡಿದು ನಿಲ್ಲಿಸಿದ್ದು ಕಾಲೇಜುಗಳು: 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಆಮೇಲೆ ಬಂದ ಎಂಜಿನಿಯರಿಂಗ್, ದಂತ ವೈದ್ಯಕೀಯ ಕಾಲೇಜುಗಳು, ಮತ್ತೊಂದು ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಇವುಗಳ ವಿದ್ಯಾರ್ಥಿಗಳು, ನರ್ಸ್‌ಗಳು, ಲ್ಯಾಬ್ ಟೆಕ್ನೀಷಿಯನ್‌ಗಳು, ಉಪನ್ಯಾಸಕರು ಇವತ್ತು ಅಲ್ಲಿನ ಬಾಡಿಗೆ ಮಾರುಕಟ್ಟೆಯ ಬೆನ್ನೆಲುಬು. ಒಂದೇ ಉದ್ಯಮ ನೆಚ್ಚಿದ ಊರುಗಳ ಕಥೆ ಬೇರೆ. ಕೆಜಿಎಫ್‌ನ ಗಣಿಗಳಿಗೆ 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಅಂದಿನಿಂದ ಅಲ್ಲಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತುಹೋಯಿತು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಹೋರಾಟದ ನಂತರ ಉತ್ಪಾದನೆ ಒಂದಿಷ್ಟು ಮತ್ತೆ ಶುರುವಾಯಿತು, ಆದರೆ ಜನರ ಭರವಸೆ ಮೊದಲಿನಂತಿಲ್ಲ. ಮನೆ ಕೊಳ್ಳುವ ಮುನ್ನ ಊರಿಗೆ ಎಷ್ಟು ಕಡೆಯಿಂದ ಸಂಬಳ ಬರುತ್ತಿದೆ ಎಂದು ಎಣಿಸಬೇಕು.

ಕಾಗದಪತ್ರದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೋಂದಣಿಗೆ ಇ–ಖಾತೆ ಬೇಕು. 2025ರಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತಿಗೆ ‘ಬಿ’ ಖಾತೆ ಕೊಡುವ ಅಭಿಯಾನ ನಡೆಯಿತು. ‘ಬಿ’ ಖಾತೆ ಸಿಕ್ಕ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ, ಸಾಲಕ್ಕೂ ಅಡ್ಡಿಯಾಗಬಹುದು. ಹಳೆಯ ಮನೆಯಾದರೆ ವಂಶವೃಕ್ಷ ನೋಡಿ, ಅಕ್ಕ–ತಂಗಿಯರೂ ಸೇರಿ ಎಲ್ಲ ಪಾಲುದಾರರ ಸಹಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ, ಅದನ್ನೂ ಬಂಡವಾಳಕ್ಕೆ ಸೇರಿಸಿಕೊಳ್ಳಬೇಕು.

ಮನೆ ನೋಡಲು ಬಂದ ಹೆಂಗಸರು ಹಾಲ್‌ ಎಷ್ಟು ದೊಡ್ಡದೆಂದು ಮೊದಲು ಕೇಳುವುದಿಲ್ಲ. ‘ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ?’ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡದಲ್ಲಿ 24 ಗಂಟೆ ನೀರಿನ ಪ್ರಾಯೋಗಿಕ ವಾರ್ಡ್‌ಗಳು 2008ರಲ್ಲೇ ಶುರುವಾದರೂ ಉಳಿದ ಬಡಾವಣೆಗಳು ವರ್ಷಗಟ್ಟಲೆ ಸರದಿ ಕಾದವು. ಅಲ್ಲಿ ದೊಡ್ಡ ಸಂಪು ಇರುವ ಮನೆ ಖಾಲಿ ಉಳಿಯುವುದು ಕಡಿಮೆ. ಎರಡನೆಯದು ಮೀಟರ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಪ್ರತಿ ಪೋರ್ಷನ್ನಿಗೂ ಬೇರೆ ಆರ್‌ಆರ್ ನಂಬರ್ ಇದೆಯೇ ಎಂಬುದು ಬಾಡಿಗೆಯನ್ನೇ ನಿರ್ಧರಿಸುವ ಪ್ರಶ್ನೆ. ಒಂದೇ ಮೀಟರಿನಿಂದ ಮೂರು ಸಂಸಾರಕ್ಕೆ ಸಬ್‌ ಮೀಟರ್ ಎಳೆದಿದ್ದರೆ ಯೂನಿಟ್ ಮಿತಿ ದಾಟಿ, ಬಾಡಿಗೆದಾರರ ಪಾಲಿನ ಉಚಿತ ವಿದ್ಯುತ್ ಕೈತಪ್ಪುತ್ತದೆ. ಸ್ವಾಧೀನ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ, ಹೊಸ ಮೀಟರ್ ಹಾಕಿಸುವ ಮುನ್ನ ನಿಯಮ ಏನಿದೆ ಎಂದು ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಭೋಗ್ಯದ ಬಗ್ಗೆ ಎಚ್ಚರ ಹೇಳಲೇಬೇಕು. ನಾಲ್ಕೈದು ಲಕ್ಷ ಒಟ್ಟಿಗೆ ಪಡೆದು, ಮೂರು ವರ್ಷ ಬಾಡಿಗೆ ಇಲ್ಲದೆ ಮನೆ ಬಿಡುವ ‘ಲೀಸ್’ ತುಮಕೂರು, ಮೈಸೂರಿನಂಥ ಊರುಗಳಲ್ಲಿ ಬಲವಾಗಿದೆ. ಬಂದ ಹಣ ಮಗಳ ಮದುವೆಗೋ ಮೇಲಂತಸ್ತಿಗೋ ಖರ್ಚಾಗುತ್ತದೆ. ಅವಧಿ ಮುಗಿದಾಗ ಹಿಂದಿರುಗಿಸಲು ಮುಂದಿನವರ ಲೀಸ್ ಹಣವನ್ನೇ ಕಾಯಬೇಕು. ಮುಂದಿನವರು ಸಿಗದಿದ್ದರೆ, ತನ್ನ ಜೀವಮಾನದ ಉಳಿತಾಯ ಕೊಟ್ಟು ಒಳಗೆ ಕೂತ ಸಂಸಾರ ಬೀದಿಗೂ ಬಾರದು, ಬೇರೆ ಮನೆಗೂ ಹೋಗದು. ಭೋಗ್ಯದ ಹಣ ಆದಾಯವಲ್ಲ, ತೀರಿಸಬೇಕಾದ ಸಾಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಾಗಿಲಲ್ಲಿ ಕೇಳುವ ಪ್ರಶ್ನೆ. ‘ನೀವು ಯಾವ ಪೈಕಿ?’, ‘ಮನೇಲಿ ಮಾಂಸ ಮಾಡ್ತೀರಾ?’, ‘ಒಬ್ಬರೇ ಇರ್ತೀರಾ?’ ದೂರದ ತಾಲ್ಲೂಕಿನಿಂದ ಬಂದ ದಲಿತ ಶಿಕ್ಷಕ, ಮುಸ್ಲಿಂ ಬ್ಯಾಂಕ್ ನೌಕರ, ರಾತ್ರಿ ಪಾಳಿಯ ನರ್ಸ್ ಇವರೆಲ್ಲ ಟು–ಲೆಟ್ ಬೋರ್ಡ್ ತೂಗುವ ಗೇಟಿನಿಂದಲೇ ‘ಮನೆ ಆಗಲೇ ಹೋಯ್ತು’ ಎಂಬ ಉತ್ತರ ಪಡೆದು ಹಿಂದಿರುಗುತ್ತಾರೆ. ಇದು ಅನ್ಯಾಯ. ವ್ಯವಹಾರದ ದೃಷ್ಟಿಯಿಂದಲೂ ನಷ್ಟವೇ. ಬೆಂಗಳೂರಿನಲ್ಲಿ ಒಬ್ಬರನ್ನು ಬೇಡವೆಂದರೆ ಸಂಜೆಗೆ ಇನ್ನೊಬ್ಬರು ಬರುತ್ತಾರೆ. ಸಣ್ಣ ಊರಿನಲ್ಲಿ ಬಾಡಿಗೆದಾರರ ಸಂಖ್ಯೆಯೇ ಸಣ್ಣದು. ಸಂಬಳ ನಿಶ್ಚಿತವಿರುವ ನೌಕರರನ್ನು ಜಾತಿಯ ಕಾರಣಕ್ಕೆ ವಾಪಸು ಕಳಿಸಿದ ಮನೆ ಎರಡು–ಮೂರು ತಿಂಗಳು ಖಾಲಿ ಬಿದ್ದರೆ ಆ ವರ್ಷದ ಲಾಭದಲ್ಲಿ ಒಂದು ಪಾಲು ಕರಗುತ್ತದೆ.

ಕಾನೂನು ಮಾಲೀಕರು, ಬಾಡಿಗೆದಾರರು ಇಬ್ಬರಿಗೂ ನೆರವಾಗುತ್ತಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತಿನ ಬಹುತೇಕ ಮನೆಗಳು ಅದರ ಹೊರಗೇ ಉಳಿದಿವೆ. ತಕರಾರು ಬಂದರೆ ಸಿವಿಲ್ ಕೋರ್ಟ್ ಅಲೆಯಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿ, ಬಾಡಿಗೆ ವ್ಯಾಜ್ಯಕ್ಕೆ ಪ್ರತ್ಯೇಕ ಪ್ರಾಧಿಕಾರ ಇರಲಿ ಎನ್ನುತ್ತದೆ. ಇಂಥ ಏರ್ಪಾಟು ಈಗ ಬೇಕಿರುವ ಊರುಗಳಿವೆ: ಹಾವೇರಿ, ಯಾದಗಿರಿ, ಚಿಕ್ಕಮಗಳೂರು, ಚಿಕ್ಕಬಳ್ಳಾಪುರಗಳಿಗೆ ಈಚೆಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಅಲ್ಲಿಗೆ ಬರುವ ವೈದ್ಯರು, ನರ್ಸ್‌ಗಳಿಗೆ ಮನೆ ಬೇಕು, ಮನೆ ಕಟ್ಟಬಲ್ಲ ಸ್ಥಳೀಯರೂ ಇದ್ದಾರೆ. ಅಂಥ ಜಿಲ್ಲಾ ಕೇಂದ್ರಗಳಲ್ಲಾದರೂ ತಹಶೀಲ್ದಾರ್ ಮಟ್ಟದಲ್ಲಿ ಕರಾರು ದಾಖಲಿಸುವ, ಮುಂಗಡ ಮತ್ತು ತೆರವಿನ ತಕರಾರನ್ನು ಎರಡು ತಿಂಗಳಲ್ಲಿ ತೀರಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮೊದಲು ತರಬೇಕು. ಜಾತಿ, ಧರ್ಮದ ಕಾರಣಕ್ಕೆ ಮನೆ ನಿರಾಕರಿಸಿದವರ ಮೇಲೆ ದೂರು ಕೊಡುವ ಅವಕಾಶವೂ ಅಲ್ಲೇ ಇರಬೇಕು.